ಅನಿಬೆಸೆಂಟ್: ಮಗಳನ್ನು ಕಳೆದುಕೊಂಡ ತಾಯಿ, ಹುಡುಗರನ್ನು ಬಿಟ್ಟುಕೊಡದ ಪೋಷಕಿ

ಹೋಂ ರೂಲ್ ಚಳವಳಿಯ ನಾಯಕಿ, 1917ರಲ್ಲಿ ಕಾಂಗ್ರೆಸ್ಸಿನ ಮೊದಲ ಮಹಿಳಾ ಅಧ್ಯಕ್ಷೆ. ಅನಿಬೆಸೆಂಟ್ ಅಂದ್ರೆ ಶಾಲೆಯಲ್ಲಿ ನಾವು ಓದಿದ್ದು ಇಷ್ಟೇ. ಆದರೆ ಮಕ್ಕಳ ಕಸ್ಟಡಿಗಾಗಿ ಆಕೆ ಎರಡು ಬಾರಿ, ಎರಡು ದೇಶಗಳಲ್ಲಿ ಕೋರ್ಟ್ ಹತ್ತಿದ್ದರು. ಒಮ್ಮೆ ಮಗಳನ್ನು ಕಳೆದುಕೊಂಡ ತಾಯಿಯಾಗಿ, ಇನ್ನೊಮ್ಮೆ ಒಬ್ಬ ತಂದೆಯ ಎದುರಾಳಿಯಾಗಿ.

1847ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಅನಿ, 20ನೇ ವಯಸ್ಸಿಗೆ ಪಾದ್ರಿ ಫ್ರಾಂಕ್ ಬೆಸೆಂಟ್ ಅವರನ್ನು ಮದುವೆಯಾದರು. ಚರ್ಚಿನ ಮೇಲಿನ ನಂಬಿಕೆ ಹೋಯಿತು, 1873ರಲ್ಲಿ ದಾಂಪತ್ಯವೂ ಮುರಿಯಿತು. ಒಪ್ಪಂದದಂತೆ ಮಗ ಡಿಗ್ಬಿ ಅಪ್ಪನ ಬಳಿ, ಮಗಳು ಮೇಬಲ್ ಅಮ್ಮನ ಬಳಿ.

1877ರಲ್ಲಿ ಚಾರ್ಲ್ಸ್ ಬ್ರಾಡ್ಲಾ ಜತೆ ಸೇರಿ ಸಂತಾನ ನಿಯಂತ್ರಣದ ಕಿರುಪುಸ್ತಕವೊಂದನ್ನು ಪ್ರಕಟಿಸಿದರು. ಅಶ್ಲೀಲತೆಯ ಕೇಸು ಬಿತ್ತು. ಶಿಕ್ಷೆ ತಾಂತ್ರಿಕ ಕಾರಣಕ್ಕೆ ರದ್ದಾಯ್ತು. ಆದರೆ ಆ ಪುಸ್ತಕವನ್ನೂ ಆಕೆಯ ನಾಸ್ತಿಕತೆಯನ್ನೂ ಮುಂದಿಟ್ಟು ಫ್ರಾಂಕ್ 1878ರಲ್ಲಿ ಮೇಬಲ್‌ಗಾಗಿ ಅರ್ಜಿ ಹಾಕಿದರು. ತಾಯಿ ಮಗುವನ್ನು ಪ್ರೀತಿಯಿಂದ ನೋಡಿಕೊಂಡಿದ್ದಾಳೆ ಅಂತ ನ್ಯಾಯಾಧೀಶ ಜಾರ್ಜ್ ಜೆಸೆಲ್ ಒಪ್ಪಿದರು. ಒಪ್ಪಿಯೂ ಮಗುವನ್ನು ಕಿತ್ತುಕೊಂಡರು. ಮೇಬಲ್‌ಗಿನ್ನೂ 8 ತುಂಬಿರಲಿಲ್ಲ.

ಮೇಲ್ಮನವಿಯಲ್ಲಿ ದಕ್ಕಿದ್ದು ಭೇಟಿಯ ಹಕ್ಕು ಮಾತ್ರ. ಅಲ್ಲೂ ಮಕ್ಕಳೆದುರಿಗೇ ಅಮ್ಮನಿಗೆ ಅವಮಾನ. ಪ್ರತಿ ಭೇಟಿಯ ನಂತರ ಮೇಬಲ್ ಅಮ್ಮನಿಗಾಗಿ ಕೊರಗುತ್ತಿದ್ದಳು. ಜಗಳದ ನಡುವೆ ಮಕ್ಕಳು ನಲುಗುವುದು ಬೇಡವೆಂದು ಅನಿ ಭೇಟಿಯನ್ನೇ ಬಿಟ್ಟರು. ಪ್ರಾಯಕ್ಕೆ ಬಂದ ಮೇಲೆ ಇಬ್ಬರೂ ತಾವಾಗಿಯೇ ಅಮ್ಮನನ್ನು ಹುಡುಕಿಕೊಂಡು ಬಂದರು.

ಇಷ್ಟೆಲ್ಲ ಅನುಭವಿಸಿದ ಆಕೆ ಮುಂದೆ ಮದ್ರಾಸಿನಲ್ಲಿ ಇನ್ನೊಂದು ಬದಿಯಲ್ಲಿ ನಿಂತರು. 1910ರಲ್ಲಿ ನಾರಾಯಣಯ್ಯ ಎಂಬ ತಂದೆ ತಮ್ಮ ಮಕ್ಕಳಾದ ಜೆ. ಕೃಷ್ಣಮೂರ್ತಿ ಮತ್ತು ನಿತ್ಯಾನಂದರ ಪೋಷಕತ್ವವನ್ನು ಥಿಯಾಸಫಿಕಲ್ ಸೊಸೈಟಿಯ ಅಧ್ಯಕ್ಷೆ ಬೆಸೆಂಟ್‌ಗೆ ಬರೆದುಕೊಟ್ಟಿದ್ದರು. ಕೃಷ್ಣಮೂರ್ತಿಯನ್ನು ಸೊಸೈಟಿ ಜಗದ್ಗುರುವೆಂದು ಬೆಳೆಸುತ್ತಿತ್ತು. 1912ರಲ್ಲಿ ತಂದೆ ಮಕ್ಕಳನ್ನು ವಾಪಸ್ ಕೇಳಿದಾಗ ಅವರು ಇಂಗ್ಲೆಂಡಿನಲ್ಲಿದ್ದರು. 1913ರಲ್ಲಿ ಮದ್ರಾಸ್ ಹೈಕೋರ್ಟ್ ತಂದೆಯ ಪರ ತೀರ್ಪಿತ್ತಿತು. 1914ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್ ಅದನ್ನು ತಳ್ಳಿಹಾಕಿತು. ವ್ಯಾಪ್ತಿಯ ತಕರಾರಿನ ಜತೆಗೆ ಅದು ಎತ್ತಿದ ಮುಖ್ಯ ಮಾತು: ಹುಡುಗರ ಹಿತವೇನು, ಇಷ್ಟವೇನು ಅಂತ ಯಾರೂ ವಿಚಾರಿಸಿಲ್ಲ. ಆ ಹೊತ್ತಿಗೆ ಕೃಷ್ಣಮೂರ್ತಿಗೆ ಸುಮಾರು 19.

ಬೆಸೆಂಟ್ ಗೆದ್ದರು. ಆದರೆ ಮಕ್ಕಳು ದೂರವಾದ ಸಂಕಟ ಈ ಬಾರಿ ಒಬ್ಬ ತಂದೆಯ ಪಾಲಾಗಿತ್ತು.

ನಮ್ಮಲ್ಲಿ ಇಂದಿಗೂ ಜಾರಿಯಲ್ಲಿರುವ 1890ರ ಪೋಷಕ ಮತ್ತು ಪಾಲ್ಯರ ಕಾಯ್ದೆ, ತಿಳಿವಳಿಕೆ ಬಂದ ಮಗುವಿನ ಇಷ್ಟವನ್ನು ಕೋರ್ಟ್ ಪರಿಗಣಿಸಬಹುದು ಅನ್ನುತ್ತೆ. ಮಗುವನ್ನು ಒಬ್ಬ ಪೋಷಕರ ವಿರುದ್ಧ ತಿರುಗಿಸುವುದರ ಬಗ್ಗೆ ಸುಪ್ರೀಂ ಕೋರ್ಟ್ ಕೂಡ 2017ರಲ್ಲಿ ಮಾತಾಡಿದೆ. ಹಾಗಾಗಿ ಮಗುವನ್ನು ಕೇಳಿದರೆ ಸಾಲದು, ಅದರ ಬಾಯಲ್ಲಿ ಯಾರ ಮಾತಿದೆ ಅನ್ನೋದನ್ನೂ ನೋಡಬೇಕು. ಇದಕ್ಕೆ ಸಮಯ ಬೇಕು, ತಾಳ್ಮೆ ಬೇಕು. ವಾಯ್ದೆಯ ಮೇಲೆ ವಾಯ್ದೆ ಬೀಳುವಾಗ ಮಗುವಿನ ಬಾಲ್ಯ ಮಾತ್ರ ಕಾಯುವುದಿಲ್ಲ.