ರೈಲ್ವೆ ಷೆಡ್ಡಿನಿಂದ ಪ್ರಧಾನಿ ಪದವಿಗೆ

ಬಡತನದಲ್ಲಿ ಬೆಳೆದವರು ಅಧಿಕಾರಕ್ಕೆ ಬಂದ ಮೇಲೆ ತಮ್ಮ ಹಿಂದಿನ ದಿನಗಳನ್ನು ಮರೆಯುವುದುಂಟು. ಮರೆಯದೆ ಉಳಿದವರನ್ನೂ ಅಧಿಕಾರವು ಕಠಿಣವಾದ ಪರೀಕ್ಷೆಗೆ ಒಡ್ಡುತ್ತದೆ. ಆಸ್ಟ್ರೇಲಿಯದ ಪ್ರಧಾನಮಂತ್ರಿಯಾಗಿದ್ದ ಬೆನ್ ಚಿಫ್ಲಿಯವರ ಬಾಳು ಇದಕ್ಕೊಂದು ನಿದರ್ಶನ.

ಜೋಸೆಫ್ ಬೆನೆಡಿಕ್ಟ್ ಚಿಫ್ಲಿಯವರು 1885ರ ಸೆಪ್ಟೆಂಬರ್ 22ರಂದು ನ್ಯೂ ಸೌತ್ ವೇಲ್ಸ್ ಪ್ರಾಂತದ ಬ್ಯಾಥರ್ಸ್ಟ್ ಎಂಬ ಊರಿನಲ್ಲಿ ಜನಿಸಿದರು. ತಂದೆ ಕಮ್ಮಾರ. ಐದನೆಯ ವಯಸ್ಸಿನಲ್ಲಿ ಬಾಲಕನನ್ನು ಸಮೀಪದ ಹಳ್ಳಿಯಲ್ಲಿದ್ದ ತಾತನ ಮನೆಗೆ ಕಳುಹಿಸಲಾಯಿತು. ಆ ಮಣ್ಣಿನ ಗುಡಿಸಲಿನಲ್ಲಿ ಹೊಟ್ಟು ತುಂಬಿದ ಚೀಲವೇ ಹಾಸಿಗೆ. ಶಾಲೆಯ ಓದು ಅಷ್ಟಕ್ಕಷ್ಟೆ. 1903ರಲ್ಲಿ ಬ್ಯಾಥರ್ಸ್ಟ್ ರೈಲ್ವೆ ಷೆಡ್ಡಿನಲ್ಲಿ ಹುಡುಗಾಳಾಗಿ ಸೇರಿದ ಚಿಫ್ಲಿಯವರು ಹಗಲು ದುಡಿದು, ರಾತ್ರಿ ತರಗತಿಗಳಲ್ಲಿ ಕಲಿತರು. 1914ರ ವೇಳೆಗೆ ಮೊದಲ ದರ್ಜೆಯ ಇಂಜಿನ್ ಚಾಲಕರಾದರು.

1917ರಲ್ಲಿ ರೈಲ್ವೆ ಆಡಳಿತವು ಪ್ರತಿಯೊಂದು ಕೆಲಸಕ್ಕೆ ಹಿಡಿದ ಹೊತ್ತನ್ನು ಚೀಟಿಯಲ್ಲಿ ದಾಖಲಿಸುವ ಹೊಸ ಪದ್ಧತಿಯನ್ನು ತಂದಿತು. ಇದನ್ನು ವಿರೋಧಿಸಿ ಕಾರ್ಮಿಕರು ಮುಷ್ಕರ ಹೂಡಿದರು. ಚಿಫ್ಲಿಯವರೂ ಅದರಲ್ಲಿ ಸೇರಿ ಕೆಲಸ ಕಳೆದುಕೊಂಡರು. ಮುಷ್ಕರ ಸೋತಿತು. ಮತ್ತೆ ಕೆಲಸ ದೊರೆತಾಗ ಅದು ಕೆಳಗಿನ ದರ್ಜೆಯಲ್ಲಿ. ಈ ಅಪಮಾನ ಅವರ ಮನಸ್ಸಿನಲ್ಲಿ ಆಳವಾಗಿ ಉಳಿಯಿತು. ಅವರು ಕಾರ್ಮಿಕ ಸಂಘಟನೆಗೂ ರಾಜಕೀಯಕ್ಕೂ ತಮ್ಮನ್ನು ಒಪ್ಪಿಸಿಕೊಂಡರು.

1928ರಲ್ಲಿ ಅವರು ಲೇಬರ್ ಪಕ್ಷದ ಅಭ್ಯರ್ಥಿಯಾಗಿ ಸಂಸತ್ತಿಗೆ ಆಯ್ಕೆಯಾದರು. 1931ರಲ್ಲಿ ಮಂತ್ರಿಯೂ ಆದರು. ಆದರೆ ಆರ್ಥಿಕ ಮುಗ್ಗಟ್ಟಿನ ಆ ಕಾಲದಲ್ಲಿ ಅದೇ ವರ್ಷದ ಚುನಾವಣೆ ಅವರ ಸ್ಥಾನವನ್ನು ಕಸಿದುಕೊಂಡಿತು. ಎದೆಗುಂದದೆ ಹಣಕಾಸಿನ ವಿಷಯವನ್ನು ಅಧ್ಯಯನ ಮಾಡಿದ ಅವರು 1940ರಲ್ಲಿ ಸಂಸತ್ತಿಗೆ ಮರಳಿದರು. ಮರುವರ್ಷ ಜಾನ್ ಕರ್ಟಿನ್ ಅವರ ಸರ್ಕಾರದಲ್ಲಿ ಅರ್ಥಮಂತ್ರಿಯಾಗಿ ಯುದ್ಧಕಾಲದ ಬೊಕ್ಕಸವನ್ನು ನಿರ್ವಹಿಸಿದರು. ಕರ್ಟಿನ್ ಅವರು ನಿಧನರಾದ ಬಳಿಕ, 1945ರ ಜುಲೈ 13ರಂದು ಪ್ರಧಾನಿಯಾದರು.

ಪದವಿ ಬಂದರೂ ಅವರ ಸರಳತೆ ಮಾಸಲಿಲ್ಲ. ಪ್ರಧಾನಿಯ ಅಧಿಕೃತ ನಿವಾಸದಲ್ಲಿರದೆ ಕ್ಯಾನ್‌ಬೆರಾದ ಕುರಾಜಾಂಗ್ ಹೋಟೆಲಿನ ಕೋಣೆಯಲ್ಲೇ ಉಳಿದರು. ಅವರ ಆಡಳಿತದಲ್ಲಿ ಆಸ್ಟ್ರೇಲಿಯನ್ ರಾಷ್ಟ್ರೀಯ ವಿಶ್ವವಿದ್ಯಾನಿಲಯ ಸ್ಥಾಪನೆಯಾಯಿತು. ಸ್ನೋಯಿ ಪರ್ವತಗಳ ಜಲವಿದ್ಯುತ್ ಯೋಜನೆ ಆರಂಭವಾಯಿತು. 1949ರ ಏಪ್ರಿಲ್‌ನಲ್ಲಿ ಗಣರಾಜ್ಯವಾಗಲಿದ್ದ ಭಾರತವು ಕಾಮನ್‌ವೆಲ್ತಿನಲ್ಲಿ ಮುಂದುವರಿಯಲು ದಾರಿ ಮಾಡಿಕೊಟ್ಟ ಲಂಡನ್ ಸಮ್ಮೇಳನದಲ್ಲಿ ನೆಹರೂ ಅವರೊಡನೆ ಚಿಫ್ಲಿಯವರೂ ಇದ್ದರು. ಆದರೂ ಯೂರೋಪಿನ ನಿರಾಶ್ರಿತರಿಗೆ ಬಾಗಿಲು ತೆರೆದ ಅವರ ಸರ್ಕಾರವು ಏಷ್ಯದಿಂದ ಬಂದು ನೆಲಸಬಯಸುವವರಿಗೆ ಅದನ್ನು ಮುಚ್ಚಿಯೇ ಇರಿಸಿತೆಂಬುದನ್ನು ಮರೆಯಲಾಗದು.

1947ರಲ್ಲಿ ಅವರು ಖಾಸಗಿ ಬ್ಯಾಂಕುಗಳನ್ನು ರಾಷ್ಟ್ರೀಕರಿಸಲು ಮುಂದಾದರು. ಜನರ ಅಳಿವು ಉಳಿವು ಕೆಲವೇ ಬ್ಯಾಂಕುಗಳ ಕೈಯಲ್ಲಿರಬಾರದೆಂಬುದು ಮುಗ್ಗಟ್ಟಿನ ದಿನಗಳು ಅವರಿಗೆ ಕಲಿಸಿದ ಪಾಠ. ಆದರೆ ಆ ಕಾಯಿದೆಯನ್ನು ಮರುವರ್ಷ ಹೈಕೋರ್ಟು ತಡೆಯಿತು. 1949ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್ ಆ ತೀರ್ಪನ್ನು ಎತ್ತಿಹಿಡಿಯಿತು.

ಅದಕ್ಕಿಂತ ಕಠಿಣವಾದ ಪರೀಕ್ಷೆ ಅದೇ ವರ್ಷ ಎದುರಾಯಿತು. ಜೂನ್ ಕೊನೆಯಲ್ಲಿ ಕಲ್ಲಿದ್ದಲು ಗಣಿಯ ಸುಮಾರು 23,000 ಕಾರ್ಮಿಕರು ಮುಷ್ಕರಕ್ಕಿಳಿದರು. ಅದು ಅಲ್ಲಿನ ಚಳಿಗಾಲ. ಕಲ್ಲಿದ್ದಲಿಲ್ಲದೆ ವಿದ್ಯುತ್ತು ಕುಂಠಿತವಾಯಿತು, ಕಾರ್ಖಾನೆಗಳು ನಿಂತವು, ಲಕ್ಷಾಂತರ ಜನ ಕೆಲಸವಿಲ್ಲದೆ ಕುಳಿತರು. ಒಂದೆಡೆ ತಮ್ಮವರೇ ಆದ ಕಾರ್ಮಿಕರು. ಇನ್ನೊಂದೆಡೆ ಕತ್ತಲಲ್ಲಿ ನಡುಗುತ್ತಿದ್ದ ಮನೆಗಳು. ಮುಷ್ಕರದ ಹಿಂದೆ ಕಮ್ಯೂನಿಸ್ಟರ ಹಟವಿದೆಯೆಂದು ನಂಬಿದ ಚಿಫ್ಲಿಯವರು ಸಂಘದ ಹಣಕ್ಕೆ ತಡೆಯೊಡ್ಡುವ ಕಾಯಿದೆ ತಂದರು. ಮುಖಂಡರು ಸೆರೆಮನೆ ಸೇರಿದರು. ಆಗಸ್ಟಿನಲ್ಲಿ ಗಣಿಗಳಿಗೆ ಸೈನಿಕರೇ ಇಳಿದರು. ಎರಡು ವಾರಗಳಲ್ಲಿ ಮುಷ್ಕರ ಮುಗಿಯಿತು. ಹಿಂದೊಮ್ಮೆ ಮುಷ್ಕರ ಹೂಡಿ ದಂಡನೆಗೊಳಗಾದವರೇ ಮುಷ್ಕರವನ್ನು ಮುರಿಯಬೇಕಾಯಿತು!

ಆ ಡಿಸೆಂಬರಿನ ಚುನಾವಣೆಯಲ್ಲಿ ಅವರ ಪಕ್ಷ ಸೋತಿತು. ವಿರೋಧಪಕ್ಷದ ನಾಯಕರಾಗಿ ದುಡಿಯುತ್ತಿದ್ದ ಅವರು 1951ರ ಜೂನ್ 13ರ ರಾತ್ರಿ ತಮ್ಮ ಹೋಟೆಲಿನ ಕೋಣೆಯಲ್ಲಿ ಹೃದಯಾಘಾತಕ್ಕೊಳಗಾಗಿ ನಿಧನರಾದರು. ಆ ಹೊತ್ತಿಗೆ ಸಂಸತ್ ಭವನದಲ್ಲಿ ನಡೆಯುತ್ತಿದ್ದ ಸಂಭ್ರಮದ ಕೂಟವನ್ನು, ಅವರ ರಾಜಕೀಯ ಎದುರಾಳಿ ಪ್ರಧಾನಿ ಮೆಂಜಿಸ್ ಅವರೇ ನಿಲ್ಲಿಸಿದರು.

ಚಿಫ್ಲಿಯವರ ನಿರ್ಧಾರ ಸರಿಯೋ ತಪ್ಪೋ ಎಂಬ ಚರ್ಚೆ ಇಂದಿಗೂ ಮುಗಿದಿಲ್ಲ. ಆದರೆ ತಮಗೆ ಪ್ರಿಯರಾದವರನ್ನೇ ಎದುರಿಸಬೇಕಾಗಿ ಬಂದಾಗಲೂ ಅವರು ಹೊಣೆಯನ್ನು ಬೇರೆಯವರ ಹೆಗಲಿಗೆ ಹೊರಿಸಲಿಲ್ಲ. ಬ್ಯಾಥರ್ಸ್ಟಿನಲ್ಲಿ ಸ್ಮಾರಕವಾಗಿ ಉಳಿದಿರುವ ಅವರ ಪುಟ್ಟ ಮನೆ ಆ ಸರಳ ಜೀವನಕ್ಕೆ ಸಾಕ್ಷಿಯಾಗಿದೆ.