ರೋಗಿಗಳನ್ನೇ ಸೇವಕರನ್ನಾಗಿಸಿದ ಗುರು

ಪುನೀತ ಲುಯಿಜಿ ನೊವರೇಸೆ 1914ರಲ್ಲಿ ಇಟಲಿಯ ರೈತ ಕುಟುಂಬದಲ್ಲಿ ಹುಟ್ಟಿದರು. ಒಂಬತ್ತನೆಯ ವಯಸ್ಸಿಗೆ ಸೊಂಟದ ಮೂಳೆಗೆ ಕ್ಷಯ ತಗುಲಿತು. ಆಗ ಆ ರೋಗಾಣುವನ್ನು ಕೊಲ್ಲುವ ಮದ್ದಿರಲಿಲ್ಲ. ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಯುತ್ತಲೇ ಬಾಲ್ಯ ಕಳೆಯಿತು. ರೋಗಿಗಳ ಒಂಟಿತನವನ್ನು ಅಲ್ಲಿ ಕಣ್ಣಾರೆ ಕಂಡರು. ಮಾತೆ ಮರಿಯಮ್ಮನವರಿಗೆ ಮೊರೆಯಿಟ್ಟರು. 1931ರಲ್ಲಿ ಗುಣವಾಯಿತು, ಕಾಲು ಮಾತ್ರ ಕುಂಟಾಗಿಯೇ ಉಳಿಯಿತು. ರೋಗಿಗಳಿಗಾಗಿ ಬದುಕಲು ನಿರ್ಧರಿಸಿ, 1938ರಲ್ಲಿ ಗುರುದೀಕ್ಷೆ ಪಡೆದರು.

1947ರಲ್ಲಿ ಅವರು ಆರಂಭಿಸಿದ ‘ಯಾತನೆಯ ಸ್ವಯಂಸೇವಕರು’ ಸಂಘದಲ್ಲಿ ರೋಗಿಗಳೇ ಕಾರ್ಯಕರ್ತರು. ಸಣ್ಣ ಗುಂಪುಗಳಲ್ಲಿ ಸೇರಿ ಪ್ರಾರ್ಥಿಸುವುದು, ತಮ್ಮ ನೋವನ್ನು ಯೇಸುಸ್ವಾಮಿಯ ಶಿಲುಬೆಯೊಂದಿಗೆ ಅರ್ಪಿಸುವುದು, ಮತ್ತೊಬ್ಬ ರೋಗಿಗೆ ಜೊತೆಯಾಗುವುದು ಅವರ ಕೆಲಸ. ಆರೋಗ್ಯವಂತರು ಅವರಿಗೆ ಹೆಗಲು ಕೊಡುವ ಸೋದರ ಸೋದರಿಯರು. ನೋವನ್ನು ಅರ್ಪಿಸಿರೆಂದು ಹೇಳಿ ಫಾದರ್ ನೊವರೇಸೆ ಸುಮ್ಮನಾಗಲಿಲ್ಲ. ಚಿಕಿತ್ಸೆಗೂ ಕೆಲಸದ ತರಬೇತಿಗೂ ವ್ಯವಸ್ಥೆ ಮಾಡಿದರು. 1984ರಲ್ಲಿ ಪ್ರಭುವಿನಲ್ಲಿ ನಿದ್ರಿಸಿದ ಅವರನ್ನು ಧರ್ಮಸಭೆ 2013ರಲ್ಲಿ ಪುನೀತರೆಂದು ಘೋಷಿಸಿತು.

ನಮ್ಮ ಧರ್ಮಕೇಂದ್ರದಲ್ಲೂ ಹಾಸಿಗೆ ಹಿಡಿದವರ ಮನೆಗೆ ಪರಮಪ್ರಸಾದ ತಲುಪುತ್ತದೆ. ಯುವಜನರಾದ ನಾವು ಹಣ್ಣು ಕೊಟ್ಟು ಬರುತ್ತೇವೆ. ಆದರೆ ಡಯಾಲಿಸಿಸ್‌ಗೆ ಹೋಗುವ ಒಬ್ಬರಿಗೆ ಇನ್ನೊಬ್ಬರ ಪರಿಚಯವಿಲ್ಲ. ಅವರನ್ನು ತಿಂಗಳಿಗೊಮ್ಮೆ ಒಂದೆಡೆ ಸೇರಿಸೋಣ. ಒಬ್ಬರದು ಕನ್ನಡ, ಇನ್ನೊಬ್ಬರದು ಮಲಯಾಳಂ ಆದರೂ ಸರಿ. ಮಾತು ಅವರು ಆಡಿಕೊಳ್ಳಲಿ. ಕರೆತರುವ ಕೆಲಸ ನಮ್ಮದಾಗಲಿ.