ಇಂದಿನ ಧಮ್ಮ ಚಿಂತನೆ: ಬರೋಡಾದ ಹನ್ನೊಂದು ದಿನ



ಕಳೆದ ಭಾನುವಾರ ದುದ್ದದಲ್ಲಿ ನಮ್ಮ ಅಧ್ಯಯನ ಬಳಗ ಸೇರಿದ್ದಾಗ ಒಬ್ಬ ಹುಡುಗ ಒಂದು ಪ್ರಶ್ನೆ ಕೇಳಿದ. ಆನಾಪಾನಕ್ಕೆ ಕಣ್ಣು ಮುಚ್ಚಿ ಕೂತರೆ ಗಮನ ಉಸಿರಿನ ಮೇಲೆ ಎರಡು ನಿಮಿಷವೂ ನಿಲ್ಲುವುದಿಲ್ಲ, ಒಳಗೆ ಸಿನಿಮಾ ಶುರುವಾಗುತ್ತದೆ, ಏನು ಮಾಡಬೇಕು ಅಂತ. ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಮನೆಗೆ ಬರುವಾಗ ದಾರಿಯುದ್ದಕ್ಕೂ ಅದೇ ಯೋಚನೆ, ಏಕೆಂದರೆ ನನ್ನೊಳಗೂ ಒಂದು ಸಿನಿಮಾ ಇದೆ, ಹಳೆಯದು.

ನನಗೆ ಹದಿನೇಳು ವರ್ಷ ಇದ್ದಾಗ ಒಂದು ಹೋಟೆಲಿನಲ್ಲಿ ಬೇರೆ ಲೋಟದಲ್ಲಿ ಟೀ ಕೊಟ್ಟರು. ಕುಡಿದು, ಲೋಟ ತೊಳೆದಿಟ್ಟು, ತಲೆ ತಗ್ಗಿಸಿ ಬಂದೆ. ಅವತ್ತು ಆಡದೆ ಉಳಿದ ಮಾತುಗಳನ್ನು ಮೂವತ್ತು ವರ್ಷದಿಂದ ಮನಸ್ಸಿನಲ್ಲೇ ಆಡುತ್ತಿದ್ದೇನೆ. ಪ್ರತಿ ಸಲ ಹೊಸ ಉತ್ತರ, ಹೊಸ ಗತ್ತು. ನೋಡಿ, ನನಗೆ ಕಲ್ಪನಾಶಕ್ತಿಗೆ ಬರವಿಲ್ಲ, ಏಕಾಗ್ರತೆಗೂ ಬರವಿಲ್ಲ. ಆ ದೃಶ್ಯದ ಮುಂದೆ ಅರ್ಧ ಗಂಟೆ ಅಲುಗದೆ ಕೂರಬಲ್ಲೆ. ನೀರಿದೆ, ಹರಿಯುವುದು ಮಾತ್ರ ಬೆಳೆ ಇಲ್ಲದ ಹೊಲಕ್ಕೆ.

ಆ ಹುಡುಗನಿಗೆ ಉತ್ತರ ಕೊಡಲು ಬಾಬಾಸಾಹೇಬರ ಬದುಕನ್ನು ಮತ್ತೆ ತೆಗೆದು ಓದಿದೆ. ಈ ಸಲ ಕಣ್ಣು ನಿಂತದ್ದು 1917ರ ಬರೋಡಾದ ಮೇಲೆ.

ಆಗ ಅವರಿಗೆ 26 ವರ್ಷ. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿ, ಲಂಡನ್ನಿನಲ್ಲಿ ಓದು ಅರ್ಧಕ್ಕೆ ನಿಂತು, ವಿದ್ಯಾರ್ಥಿವೇತನದ ಕರಾರಿನಂತೆ ಬರೋಡಾ ಸಂಸ್ಥಾನದ ಕೆಲಸಕ್ಕೆ ಬಂದಿದ್ದರು. ಬರುವ ದಾರಿಯಲ್ಲೇ ಒಂದು ಪೆಟ್ಟು ಬಿದ್ದಿತ್ತು. ಯುದ್ಧದ ಕಾಲ, ಅವರ ಸಾಮಾನು ತರುತ್ತಿದ್ದ ಹಡಗು ಟಾರ್ಪೆಡೋಗೆ ಸಿಕ್ಕಿ ಮುಳುಗಿ, ಪುಸ್ತಕಗಳು ಸಮುದ್ರದ ಪಾಲಾಗಿದ್ದವು. ಬರೋಡಾದಲ್ಲಿ ಇಳಿದರೆ ಉಳಿಯಲು ಜಾಗವಿಲ್ಲ. ಕೊನೆಗೆ ಪಾರ್ಸಿ ಹೆಸರು ಬರೆಸಿ ಒಂದು ಪಾರ್ಸಿ ವಸತಿಗೃಹ ಸೇರಿದರು. ಮಹಡಿ ಮೇಲೆ ಹಳೆ ಸಾಮಾನು ತುಂಬಿದ ದೊಡ್ಡ ಹಾಲು, ಕರೆಂಟ್ ಇಲ್ಲ, ಇನ್ನೊಬ್ಬ ಮನುಷ್ಯನಿಲ್ಲ. ಆ ಕತ್ತಲು ಮರೆಯಲು ರಾತ್ರಿ ಪುಸ್ತಕ ಹಿಡಿದು ಕೂರುತ್ತಿದ್ದರು. ಕಚೇರಿಯಲ್ಲಿ ಜವಾನರು ಕಡತಗಳನ್ನು ದೂರದಿಂದ ಎಸೆಯುತ್ತಿದ್ದರು, ಕುಡಿಯಲು ನೀರಿರಲಿಲ್ಲ. ಹನ್ನೊಂದನೆಯ ದಿನ ಬೆಳಿಗ್ಗೆ ಹತ್ತು ಹನ್ನೆರಡು ಮಂದಿ ದೊಣ್ಣೆ ಹಿಡಿದು ಮೆಟ್ಟಿಲು ಹತ್ತಿ ಬಂದರು. ಸಂಜೆಯೊಳಗೆ ಖಾಲಿ ಮಾಡಬೇಕೆಂದು ಹೇಳಿ ಹೋದರು. ಇಬ್ಬರು ಸ್ನೇಹಿತರ ಹತ್ತಿರ ಆಸರೆ ಕೇಳಿದರು, ಒಬ್ಬ ಹಿಂದೂ, ಇನ್ನೊಬ್ಬ ಕ್ರೈಸ್ತ. ಇಬ್ಬರೂ ನಯವಾಗಿಯೇ ಬಾಗಿಲು ಮುಚ್ಚಿದರು. ರಾತ್ರಿಯ ಮುಂಬೈ ರೈಲಿಗೆ ಕಾಯುತ್ತ ಊರಿನ ಉದ್ಯಾನದಲ್ಲಿ ಕೂತರು.

ಹದಿನೆಂಟು ವರ್ಷ ಕಳೆದ ಮೇಲೂ ಇದನ್ನು ನೆನೆದರೆ ಕಣ್ಣೀರು ಬರುತ್ತದೆಂದು ಅವರೇ ಬರೆದಿಟ್ಟಿದ್ದಾರೆ, ವೇಟಿಂಗ್ ಫಾರ್ ಎ ವೀಸಾ ಎಂಬ ಚಿಕ್ಕ ಬರಹದಲ್ಲಿ. ಈ ಮಾತು ನನಗೆ ಸಮಾಧಾನ ಕೊಟ್ಟಿತು, ಸುಳ್ಳೇಕೆ. ಬಾಬಾಸಾಹೇಬರಿಗೂ ಸಿನಿಮಾ ಓಡುತ್ತಿತ್ತು. ಅವರೇನೂ ಕಲ್ಲಾಗಿರಲಿಲ್ಲ. ಹಾಗಿದ್ದರೆ ವ್ಯತ್ಯಾಸ ಎಲ್ಲಿ?

ಏಕಾಗ್ರತೆ ಅವರಿಗೆ ಹುಟ್ಟಿನಿಂದ ಬಂದ ವರವೇನಲ್ಲ. ಮುಂಬೈನ ಪರೇಲ್ ಚಾಳಿನಲ್ಲಿ ಇಡೀ ಸಂಸಾರಕ್ಕೆ ಒಂದೇ ಕೋಣೆ. ಅಲ್ಲೇ ಅಡುಗೆ, ಅಲ್ಲೇ ಬೀಸುಕಲ್ಲು, ಅಲ್ಲೇ ಮೇಕೆ. ತಂದೆ ರಾಮಜಿ ಮಗನನ್ನು ಬೇಗ ಮಲಗಿಸಿ, ತಾವು ಎದ್ದಿದ್ದು, ರಾತ್ರಿ ಎರಡು ಗಂಟೆಗೆ ಅವನನ್ನು ಎಬ್ಬಿಸಿ ಓದಲು ಕೂರಿಸಿ ಆಮೇಲೆ ಮಲಗುತ್ತಿದ್ದರು. ಮನೆಯಲ್ಲಿ ಶಾಂತ ಜಾಗವಿಲ್ಲ ಎನ್ನುವವರು ಇದನ್ನು ಎರಡು ಸಲ ಓದಿ. ಜಾಗವಿಲ್ಲದ ಕಡೆ ಅಪ್ಪ ಮಗ ಸೇರಿ ಹೊತ್ತನ್ನು ಹುಡುಕಿಕೊಂಡರು.

ಆ ಅಭ್ಯಾಸವೇ ನ್ಯೂಯಾರ್ಕಿಗೂ ಹೋಯಿತು. 1913ರಿಂದ ಮೂರು ವರ್ಷದಲ್ಲಿ ಅರ್ಥಶಾಸ್ತ್ರದಲ್ಲೇ 29 ಕೋರ್ಸು, ಇತಿಹಾಸದಲ್ಲಿ 11, ಜೊತೆಗೆ ಸಮಾಜಶಾಸ್ತ್ರ, ತತ್ತ್ವಶಾಸ್ತ್ರ, ಮಾನವಶಾಸ್ತ್ರ. ತಿಂಗಳಿಗೆ ಸಿಗುತ್ತಿದ್ದದ್ದು ಹನ್ನೊಂದೂವರೆ ಪೌಂಡು. ಅದರಲ್ಲೇ ಊಟ, ಅದರಲ್ಲೇ ಮನೆಗೆ ಹಣ, ಅದರಲ್ಲೇ ಹಳೆ ಪುಸ್ತಕದ ಅಂಗಡಿ. 1920ರಲ್ಲಿ ಲಂಡನ್ನಿಗೆ ಮರಳಿದರು. ಬರೋಡಾ ಅವರ ಓದನ್ನು ಮುಗಿಸಿಬಿಟ್ಟಿರಲಿಲ್ಲ. ಬೆಳಿಗ್ಗೆ ಬ್ರಿಟಿಷ್ ಮ್ಯೂಸಿಯಂ ಗ್ರಂಥಾಲಯದ ಬಾಗಿಲು ತೆರೆಯುವಾಗ ಒಳಗೆ, ಮುಚ್ಚುವಾಗ ಹೊರಗೆ. ರಾತ್ರಿ ಹಸಿವಿಗೆ ಹಪ್ಪಳ. ರೂಪಾಯಿಯ ಸಮಸ್ಯೆ ಕುರಿತ ಪ್ರಬಂಧವನ್ನು ಪರೀಕ್ಷಕರು 1923ರಲ್ಲಿ ತಿದ್ದಿ ತರಲು ಹೇಳಿದಾಗ ಕೈಯಲ್ಲಿ ಕಾಸಿಲ್ಲದೆ ಮುಂಬೈಗೆ ಬಂದು, ಇಲ್ಲಿಂದಲೇ ತಿದ್ದಿ ಕಳಿಸಿ, ಅದೇ ವರ್ಷ ಡಿ.ಎಸ್ಸಿ. ಪಡೆದರು.

ಇಲ್ಲಿ ಒಂದು ಮಾತು ಹೇಳಲೇಬೇಕು, ಹೆಣ್ಣುಮಕ್ಕಳು ನಮ್ಮ ಬಳಗದಲ್ಲಿ ಇದನ್ನು ಎತ್ತುತ್ತಾರೆ, ಸರಿಯಾಗಿಯೇ ಎತ್ತುತ್ತಾರೆ. ಆ ಏಕಾಗ್ರತೆಯ ಅರ್ಧ ಭಾರ ಹೊತ್ತವರು ರಮಾಬಾಯಿ ತಾಯಿ. ಗಂಡ ಗ್ರಂಥಾಲಯದಲ್ಲಿದ್ದಾಗ ಬಡತನದಲ್ಲಿ ಮನೆ ನಡೆಸಿದವರು ಅವರು. ಐದು ಮಕ್ಕಳಲ್ಲಿ ನಾಲ್ವರು ಚಿಕ್ಕ ವಯಸ್ಸಿನಲ್ಲೇ ಹೋದರು. 1935ರಲ್ಲಿ ಅವರೂ ಹೋದರು. ಪಾಕಿಸ್ತಾನದ ಬಗೆಗಿನ ತಮ್ಮ ಪುಸ್ತಕವನ್ನು ಬಾಬಾಸಾಹೇಬರು ಅವರ ನೆನಪಿಗೇ ಅರ್ಪಿಸಿ, ಕಷ್ಟದ ದಿನಗಳಲ್ಲಿ ಆಕೆ ತೋರಿದ ತಾಳ್ಮೆಯನ್ನು ನೆನೆದರು. ನಾವು ಅವರ ಓದಿನ ಗಂಟೆಗಳನ್ನು ಎಣಿಸುವಾಗ ಈ ಗಂಟೆಗಳನ್ನೂ ಎಣಿಸಬೇಕು.

ಇನ್ನು ಕಲ್ಪನೆ. ಅವಮಾನವನ್ನು ಅವರು ಮರೆಯಲಿಲ್ಲ, ಆದರೆ ಅದನ್ನು ಕೆಲಸಕ್ಕೆ ಹಚ್ಚಿದರು. 1925ರಲ್ಲಿ ನಮ್ಮ ಬೆಳಗಾವಿ ಜಿಲ್ಲೆಯ ನಿಪ್ಪಾಣಿಗೆ ಬಂದು ಶೋಷಿತ ವರ್ಗಗಳ ಪ್ರಾಂತೀಯ ಸಮ್ಮೇಳನದ ಅಧ್ಯಕ್ಷತೆ ವಹಿಸಿದರು. 1927ರ ಮಾರ್ಚ್ 20ರಂದು ಮಹಾಡಿನ ಚವದಾರ್ ಕೆರೆಗೆ ಸಾವಿರಾರು ಜನರನ್ನು ಕರೆದೊಯ್ದು ನೀರು ಮುಟ್ಟಿದರು. ಶಾಲೆಯಲ್ಲಿ ಜವಾನ ಮೇಲಿನಿಂದ ಸುರಿದರಷ್ಟೇ ನೀರು ಕಂಡಿದ್ದ ಹುಡುಗ, ಒಂದು ಇಡೀ ಕೆರೆಯನ್ನು ಊಹಿಸಿಕೊಂಡಿದ್ದ.

ನನ್ನನ್ನು ಹಿಡಿದು ನಿಲ್ಲಿಸಿದ್ದು 1947ರ ವಿಷಯ. ಸಂವಿಧಾನ ಸಭೆಗೆಂದು ಅವರು ಸಿದ್ಧಪಡಿಸಿದ ಸ್ಟೇಟ್ಸ್ ಅಂಡ್ ಮೈನಾರಿಟೀಸ್ ಮನವಿಯಲ್ಲಿ, ಯಾವ ಯಾವ ಕಡೆ ಯಾರನ್ನೂ ತಡೆಯುವುದು ಅಪರಾಧ ಆಗಬೇಕು ಎಂಬ ಪಟ್ಟಿ ಇದೆ. ಶಾಲೆ, ರಸ್ತೆ, ಕೆರೆ, ಬಾವಿ ಎಲ್ಲ ಇವೆ. ಎಲ್ಲಕ್ಕಿಂತ ಮೊದಲು ಇರುವುದು ವಸತಿಗೃಹ! ಬರೋಡಾದ ಆ ಮೆಟ್ಟಿಲನ್ನು ಮನಸ್ಸಿನಲ್ಲಿಟ್ಟೇ ಬರೆದರೆಂದು ನಾನು ಹೇಳಲಾರೆ, ಆದರೆ ಓದುವಾಗ ನನಗೆ ಕಂಡದ್ದು ಅದೇ. ಸಂವಿಧಾನದ 15ನೇ ವಿಧಿಯಲ್ಲಿ ಇಂದು ಅಂಗಡಿ, ಹೋಟೆಲು, ಬಾವಿ, ಕೆರೆ, ರಸ್ತೆ ಎಲ್ಲರಿಗೂ ತೆರೆದಿರಬೇಕೆಂದಿದೆ. ನಾನು ಮೂವತ್ತು ವರ್ಷ ಒಬ್ಬ ಹೋಟೆಲಿನವನಿಗೆ ಉತ್ತರ ಹೊಂದಿಸುತ್ತಿದ್ದೆ. ಅವರು ಮೂವತ್ತು ವರ್ಷದಲ್ಲಿ ಎಲ್ಲ ಹೋಟೆಲುಗಳಿಗೂ ಉತ್ತರ ಬರೆದಿಟ್ಟರು.

ಹುಡುಗನ ಪ್ರಶ್ನೆಗೆ ನೇರ ಉತ್ತರ ಬುದ್ಧ ಮತ್ತು ಆತನ ಧಮ್ಮ ಗ್ರಂಥದಲ್ಲಿ, ಅಷ್ಟಾಂಗ ಮಾರ್ಗದ ಭಾಗದಲ್ಲಿ ಸಿಕ್ಕಿತು. ಬರಿಯ ಸಮಾಧಿಗೂ ಸಮ್ಮಾ ಸಮಾಧಿಗೂ ಅಲ್ಲಿ ಬಾಬಾಸಾಹೇಬರು ಗೆರೆ ಎಳೆಯುತ್ತಾರೆ. ಬರಿಯ ಸಮಾಧಿ ದ್ವೇಷ, ಆಲಸ್ಯ ಮೊದಲಾದ ಐದು ಅಡ್ಡಿಗಳನ್ನು ಸ್ವಲ್ಪ ಹೊತ್ತು ತಡೆಯುತ್ತದೆ, ಎದ್ದ ಮೇಲೆ ಅವು ಮತ್ತೆ ಬರುತ್ತವೆ. ಸಮ್ಮಾ ಸಮಾಧಿಯಲ್ಲಿ ಮನಸ್ಸು ನಿಂತಷ್ಟೇ ಸಾಲದು, ನಿಂತ ಮನಸ್ಸಿಗೆ ಒಂದು ಕುಶಲ ಕರ್ಮವನ್ನು ಯೋಚಿಸಲು ಕೊಡಬೇಕು, ಒಳ್ಳೆಯದನ್ನೇ ಯೋಚಿಸುವುದು ಅದಕ್ಕೆ ರೂಢಿಯಾಗುವವರೆಗೆ. ಅಂದರೆ ಸಿನಿಮಾ ನಿಲ್ಲಿಸುವುದಷ್ಟೇ ಅಲ್ಲ, ಬೇರೆ ಚಿತ್ರ ಹಾಕುವುದು. ನಾನು ಪ್ರಯತ್ನಿಸುತ್ತಿದ್ದೇನೆ. ಉಸಿರು ನಿಧಾನವಾದ ಮೇಲೆ ಆ ಹೋಟೆಲಿನ ಬದಲು ನಮ್ಮ ಕೇರಿಯ ಮಕ್ಕಳು ಸಂಜೆ ದೀಪದಡಿ ಓದಲು ಕೂತಿರುವುದನ್ನು ನೋಡುತ್ತೇನೆ: ಎಷ್ಟು ಜನ, ಯಾವ ಪುಸ್ತಕ, ಚಾಪೆ ಯಾರ ಮನೆಯದು. ಮೊದಲ ದಿನ ಲೋಟವೇ ಗೆದ್ದಿತು. ನಿನ್ನೆ ಚಾಪೆ ಕೇಳಲು ಹೋಗಿ ಬಂದೆ.

ಅವರ ಕಣ್ಣು ಕೊನೆಯ ವರ್ಷಗಳಲ್ಲಿ ಮಂಜಾಗಿತ್ತು, ಕಾಲು ಸಾಗುತ್ತಿರಲಿಲ್ಲ, ಸಕ್ಕರೆ ಕಾಯಿಲೆ ತಿಂದುಹಾಕಿತ್ತು. 1956ರ ಡಿಸೆಂಬರ್ 5ರ ರಾತ್ರಿ ದೆಹಲಿಯ ಮನೆಯಲ್ಲಿ ಬುದ್ಧ ವಂದನೆಯನ್ನು ಕೇಳಿ, ಅದೇ ಗ್ರಂಥದ ಮುನ್ನುಡಿಯ ಟೈಪಾದ ಹಾಳೆಗಳನ್ನು ಹಾಸಿಗೆಯ ಪಕ್ಕದಲ್ಲಿ ಇಡಿಸಿಕೊಂಡರು. ಬೆಳಿಗ್ಗೆ ಅವರಿರಲಿಲ್ಲ. ಪುಸ್ತಕ ಮುಂದಿನ ವರ್ಷ ಅಚ್ಚಾಗಿ ಬಂತು.

ಈ ಭಾನುವಾರ ಸಂಜೆ ಏಳಕ್ಕೆ ಸಮ್ಮಾ ಸಮಾಧಿಯ ಆ ಪುಟಗಳನ್ನೇ ಸೇರಿ ಓದೋಣ. ಆಲೂಗೆಡ್ಡೆ ಬಿತ್ತನೆ ಕಾಲ, ದಣಿದಿರುತ್ತೀರಿ, ತಡವಾದರೂ ಬನ್ನಿ. ಪುಸ್ತಕ ಇರುವವರು ತನ್ನಿ. ಮಕ್ಕಳನ್ನೂ ಕರೆತನ್ನಿ, ಚಾಪೆ ಸಿಕ್ಕಿದೆ.

ಜೈಭೀಮ್.